ಒಂದೇ ಸಂಬಳ, ಬೇರೆ ಬೇರೆ ತೆರಿಗೆ: ರೈಲಿನ ಗೆಳೆಯರ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಇಷ್ಟು ಅಂತರವೇಕೆ?

ಕ್ಯಾತ್ಸಂದ್ರದ ಪ್ರಯಾಣಿಕ (ಪ್ರಶ್ನೆ, ಆಗಸ್ಟ್ 2025)

ನಾನು ತುಮಕೂರಿನ ಕ್ಯಾತ್ಸಂದ್ರದಲ್ಲಿ ಬಾಡಿಗೆ ಮನೆಯಲ್ಲಿದ್ದುಕೊಂಡು ಹನ್ನೊಂದು ವರ್ಷಗಳಿಂದ ಯಶವಂತಪುರದ ಕಡೆಯ ಒಂದು ಖಾಸಗಿ ಕಂಪನಿಗೆ ರೈಲಿನಲ್ಲಿ ಓಡಾಡುತ್ತಿದ್ದೇನೆ. ಬೆಳಗಿನ ಗಾಡಿಯಲ್ಲಿ ನಾವು ನಾಲ್ವರು ಒಂದೇ ಬೋಗಿ ಹತ್ತುವುದು ರೂಢಿ. ವರ್ಷದ ಉಳಿದ ದಿನಗಳಲ್ಲಿ ನಮ್ಮ ಮಾತು ಮಕ್ಕಳ ಫೀಸು, ಹೇಮಾವತಿ ನಾಲೆಯ ನೀರು, ತಡವಾಗುವ ಗಾಡಿ, ಇಷ್ಟರಲ್ಲೇ ಸುತ್ತುತ್ತಿರುತ್ತದೆ. ವರ್ಷದ ಸಂಬಳ, ಮುರಿದ ತೆರಿಗೆಯ ವಿವರವಿರುವ ಫಾರಂ 16 ಕಂಪನಿಯಿಂದ ಕೈಗೆ ಬಂತೆಂದರೆ ಮಾತ್ರ ಎಲ್ಲರೂ ಲೆಕ್ಕಿಗರಾಗಿಬಿಡುತ್ತೇವೆ.

ಕಳೆದ ವಾರ ಹಿರೇಹಳ್ಳಿ ದಾಟುವಾಗ ಒಬ್ಬ ಗೆಳೆಯರು ತಮ್ಮ ಮೊಬೈಲಿನಲ್ಲಿ ಫಾರಂ 16 ತೆರೆದು, ಎರಡು ಬೆರಳಿನಿಂದ ಹಿಗ್ಗಿಸಿ ನನಗೆ ತೋರಿಸಿದರು. ಅವರ ಒಟ್ಟು ಸಂಬಳ 11,40,000 ರೂಪಾಯಿ. ನನ್ನದೂ ಅಷ್ಟೇ, ಒಂದು ಸಾವಿರವೂ ಆಚೀಚೆ ಇಲ್ಲ. ಆದರೆ ಅವರು ಕಟ್ಟಿರುವ ತೆರಿಗೆ 36,420 ರೂಪಾಯಿ. ನನ್ನ ಸಂಬಳದಲ್ಲಿ ಮುರಿದುಕೊಂಡಿರುವುದು 62,140 ರೂಪಾಯಿ. ಎದುರು ಸೀಟಿನಲ್ಲಿದ್ದ ಇನ್ನೊಬ್ಬರು, ಅಂತರಸನಹಳ್ಳಿಯವರು, ತಮಗೆ ಈ ಸಲ 48,000 ರೂಪಾಯಿ ರೀಫಂಡ್ ಬರುತ್ತದೆಂದೂ ಅದನ್ನು ಮಾಡಿಸಿಕೊಡುವ ಏಜೆಂಟರೊಬ್ಬರು ಬಂದ ಹಣದಲ್ಲಿ ಶೇಕಡ ಹತ್ತನ್ನು ಮಾತ್ರ ತೆಗೆದುಕೊಳ್ಳುತ್ತಾರೆಂದೂ ಹೇಳಿದರು. ನಮ್ಮಲ್ಲಿ ಕಿರಿಯನಾದ ಹುಡುಗ, ಹನ್ನೆರಡೂಮುಕ್ಕಾಲು ಲಕ್ಷದವರೆಗೆ ತೆರಿಗೆಯೇ ಇಲ್ಲವಲ್ಲ, ನೀವು ಕಟ್ಟಿದ್ದೇಕೆ ಸಾರ್ ಎಂದ. ಆ ಹೊತ್ತಿಗೆ ನನಗೆ ನಾಲ್ವರಲ್ಲಿ ನಾನೊಬ್ಬನೇ ದಡ್ಡ ಎನ್ನಿಸಿಬಿಟ್ಟಿತು.

ರಾತ್ರಿ ಮನೆಯಲ್ಲಿ ಇದನ್ನೆಲ್ಲ ಹೇಳಿಕೊಂಡಾಗ ನನ್ನ ಹೆಂಡತಿ, "ಅವರ ಸಾಲದ ಕಂತು ಎಷ್ಟೆಂದು ಕೇಳಿದಿರಾ?" ಎಂದಳು. ಕೇಳಿರಲಿಲ್ಲ.

ನನ್ನ ವಿವರ ಹೀಗಿದೆ. ಮೂಲವೇತನ 5,40,000. ತಿಂಗಳ ಬಾಡಿಗೆ 9,000. ಪಿಎಫ್‌ಗೆ ನನ್ನ ಪಾಲು 64,800, ಎಲ್‌ಐಸಿ 30,000. ಮನೆ ಸಾಲವಿಲ್ಲ, ಆರೋಗ್ಯ ವಿಮೆ ಕಂಪನಿಯದ್ದೇ. ತೆರಿಗೆಗೆ ಹಳೆಯ ಪದ್ಧತಿ (ಕಡಿತಗಳು ಹೆಚ್ಚು) ಬೇಕೋ ಹೊಸ ಪದ್ಧತಿ (ದರ ಕಡಿಮೆ, ಕಡಿತಗಳೂ ಕಡಿಮೆ) ಬೇಕೋ ಎಂದು ಕಂಪನಿಯವರು ಕೇಳಿದಾಗ ನಾನು ಉತ್ತರಿಸದ ಕಾರಣ ಹೊಸ ಪದ್ಧತಿಯಲ್ಲಿಯೇ ಕಡಿತ ಮಾಡಿದ್ದಾರೆ. ನಾನು ಎಲ್ಲಿ ತಪ್ಪಿದೆ, ರಿಟರ್ನ್ ಸಲ್ಲಿಸುವ ಗಡುವಾದ ಸೆಪ್ಟೆಂಬರ್ 15ರೊಳಗೆ ಅದನ್ನು ಸರಿಪಡಿಸಿಕೊಳ್ಳಲು ಸಾಧ್ಯವೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಲೆಕ್ಕದ ಮನೆ

ಸರ್, ನಾನು ತುಮಕೂರಿನಲ್ಲಿಯೇ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಹದಿನಾಲ್ಕು ವರ್ಷಗಳಿಂದ ರಿಟರ್ನ್ ತಯಾರಿಸುವ ಕೆಲಸದಲ್ಲಿದ್ದೇನೆ. ಈ ತಿಂಗಳು ನಮ್ಮ ಮೇಜಿನ ಮುಂದೆ ಕೂರುವ ಹತ್ತು ಜನರಲ್ಲಿ ಆರು ಜನರು ತಮ್ಮ ಲೆಕ್ಕಕ್ಕಿಂತ ಮೊದಲು ಪಕ್ಕದವರ ಲೆಕ್ಕವನ್ನೇ ಹೇಳುತ್ತಾರೆ, ಆದ್ದರಿಂದ ನಿಮ್ಮ ಪ್ರಶ್ನೆ ನನಗೆ ಹೊಸದಲ್ಲ.

ಮೊದಲು ಆ ಹುಡುಗನ ಮಾತನ್ನು ಬಗೆಹರಿಸೋಣ, ಏಕೆಂದರೆ ಈ ವರ್ಷ ಅತಿ ಹೆಚ್ಚು ಗೊಂದಲವಾಗಿರುವುದು ಅದರಿಂದಲೇ. 12 ಲಕ್ಷದವರೆಗೆ, ಸಂಬಳದಾರರಿಗೆ ಪ್ರಮಾಣಿತ ಕಡಿತ (ರಸೀದಿ ಕೇಳದೆ ಸಂಬಳದಲ್ಲಿ ಕಳೆಯುವ ನಿಗದಿತ ಮೊತ್ತ) ಸೇರಿ 12.75 ಲಕ್ಷದವರೆಗೆ, ತೆರಿಗೆ ಇಲ್ಲವೆಂಬುದು 2025ರ ಏಪ್ರಿಲ್ 1ರಿಂದ ಆರಂಭವಾದ ವರ್ಷದ ಆದಾಯಕ್ಕೆ ಅನ್ವಯಿಸುತ್ತದೆ. ನೀವೀಗ ಸಲ್ಲಿಸುತ್ತಿರುವುದು 2025ರ ಮಾರ್ಚ್ 31ಕ್ಕೆ ಮುಗಿದ ವರ್ಷದ ರಿಟರ್ನ್. ಅದಕ್ಕೆ ಆ ಮಿತಿ 7 ಲಕ್ಷ, ಸಂಬಳದಾರರಿಗೆ 7.75 ಲಕ್ಷ. ನಿಮ್ಮ ಈ ಏಪ್ರಿಲ್‌ನಿಂದೀಚಿನ ಸಂಬಳ ಚೀಟಿಯನ್ನು ತೆಗೆದು ನೋಡಿ, ಸಂಬಳ ಅಷ್ಟೇ ಇದ್ದರೆ ಟಿಡಿಎಸ್ (ಮೂಲದಲ್ಲೇ ಮುರಿಯುವ ತೆರಿಗೆ) ಸಾಲಿನಲ್ಲಿ ಸೊನ್ನೆ ಇರಬೇಕು. ಅಂದರೆ ಅವನು ಹೇಳಿದ್ದು ಸುಳ್ಳಲ್ಲ, ಮುಂದಿನ ಜುಲೈನಲ್ಲಿ ಹೇಳಬೇಕಾದುದನ್ನು ಈಗಲೇ ಹೇಳಿದ್ದಾನೆ.

ಇನ್ನು ನಿಮ್ಮ ಲೆಕ್ಕ. 11,40,000ದಲ್ಲಿ 75,000 ಪ್ರಮಾಣಿತ ಕಡಿತ ಹೋದರೆ 10,65,000 ಉಳಿಯುತ್ತದೆ. ಕಳೆದ ವರ್ಷದ ಹೊಸ ಪದ್ಧತಿಯಲ್ಲಿ ಮೊದಲ 3 ಲಕ್ಷಕ್ಕೆ ತೆರಿಗೆ ಇಲ್ಲ. 3ರಿಂದ 7 ಲಕ್ಷದವರೆಗೆ ಶೇ 5ರಂತೆ 20,000, 7ರಿಂದ 10 ಲಕ್ಷದವರೆಗೆ ಶೇ 10ರಂತೆ 30,000, ಮಿಕ್ಕ 65,000ಕ್ಕೆ ಶೇ 15ರಂತೆ 9,750. ಒಟ್ಟು 59,750ಕ್ಕೆ ಶೇ 4 ಸೆಸ್ (ತೆರಿಗೆಯ ಮೇಲಿನ ಉಪಕರ) ಸೇರಿದರೆ 62,140. ನಿಮ್ಮ ಕಂಪನಿಯವರು ಒಂದು ರೂಪಾಯಿಯನ್ನೂ ಹೆಚ್ಚು ಹಿಡಿದಿಲ್ಲ.

ಇದೇ ಆದಾಯವನ್ನು ಹಳೆಯ ಪದ್ಧತಿಗೆ ಹಾಕಿ ನೋಡೋಣ. ನೀವು ವರ್ಷಕ್ಕೆ ಕಟ್ಟುವ ಬಾಡಿಗೆ 1,08,000. ಅದರಲ್ಲಿ ಮೂಲವೇತನದ ಹತ್ತನೆಯ ಒಂದು ಪಾಲಾದ 54,000 ಕಳೆದರೆ ಮನೆ ಬಾಡಿಗೆ ಭತ್ಯೆಯ ವಿನಾಯಿತಿ 54,000 ಮಾತ್ರ ಸಿಗುತ್ತದೆ. ಅದಕ್ಕೆ 50,000 ಪ್ರಮಾಣಿತ ಕಡಿತ, ವೃತ್ತಿ ತೆರಿಗೆ 2,400, ಪಿಎಫ್ ಮತ್ತು ಎಲ್‌ಐಸಿ ಸೇರಿ 94,800 ಕೂಡಿಸಿ ಕಳೆದರೂ 9,38,800ಕ್ಕೆ ತೆರಿಗೆ ಬೀಳುತ್ತದೆ. ಅಲ್ಲಿ 5 ಲಕ್ಷ ದಾಟಿದ ಕೂಡಲೇ ದರ ಶೇ 20ಕ್ಕೆ ಜಿಗಿಯುವುದರಿಂದ ನಿಮ್ಮ ತೆರಿಗೆ ಸೆಸ್ ಸೇರಿ 1,04,270 ರೂಪಾಯಿ ಆಗುತ್ತಿತ್ತು. ಕಂಪನಿಯವರಿಗೆ ಉತ್ತರ ಕೊಡದೆ ಸುಮ್ಮನಿದ್ದದ್ದರಿಂದ ನಿಮಗೆ 42,130 ರೂಪಾಯಿ ಉಳಿದಿದೆ; ಅದನ್ನು ಜಾಣತನವೆಂದು ನಾನು ಹೇಳಲಾರೆ, ಆದರೆ ದಡ್ಡತನವಂತೂ ಅಲ್ಲ.

ನಿಮ್ಮ ಗೆಳೆಯರ 36,420ನ್ನು ಹಿಂದಿನಿಂದ ಬಿಡಿಸಿದರೆ ಹಳೆಯ ಪದ್ಧತಿಯಲ್ಲಿ 6,12,600 ರೂಪಾಯಿಯ ತೆರಿಗೆಗೊಳಪಟ್ಟ ಆದಾಯ ಸಿಗುತ್ತದೆ, ಅಂದರೆ ಅವರು ಒಟ್ಟು 5,27,400 ರೂಪಾಯಿ ಕಳೆದುಕೊಂಡಿದ್ದಾರೆ. ಆ ಅಂಕಿ ನೋಡಿದರೆ, ಪ್ರಮಾಣಿತ ಕಡಿತ ಮತ್ತು ವೃತ್ತಿ ತೆರಿಗೆಯ ಜೊತೆಗೆ ಮನೆ ಸಾಲದ ಬಡ್ಡಿ 2 ಲಕ್ಷ, ಪಿಎಫ್, ವಿಮೆಯಂಥ ಉಳಿತಾಯಕ್ಕೆ 80ಸಿ ಸೆಕ್ಷನ್ ಅಡಿಯಲ್ಲಿ ಪೂರ್ತಿ 1.5 ಲಕ್ಷ, ಎನ್‌ಪಿಎಸ್‌ಗೆ (ಪಿಂಚಣಿ ಉಳಿತಾಯ ಯೋಜನೆ) ಪ್ರತ್ಯೇಕ 50,000, ತಮ್ಮ ಕುಟುಂಬಕ್ಕೂ ಹಿರಿಯ ತಂದೆತಾಯಿಗೂ ಸೇರಿ ಆರೋಗ್ಯ ವಿಮೆ 75,000 ಎಂದು ನಾನು ಊಹಿಸುತ್ತೇನೆ. ನಿಮಗಿಂತ 25,720 ಕಡಿಮೆ ತೆರಿಗೆ ಕಟ್ಟಲು ಅವರ ಕೈಯಿಂದ ಬಡ್ಡಿಯಾಗಿಯೇ 2 ಲಕ್ಷಕ್ಕೆ ಕಡಿಮೆಯಿಲ್ಲದ ಹಣ ಹೋಗಿದೆ. ನಿಮ್ಮ ಮನೆಯವರು ಕೇಳಿದ ಪ್ರಶ್ನೆ ಸರಿಯಾದ ಜಾಗಕ್ಕೇ ಬಿದ್ದಿದೆ. ಅವರ ಮನೆ ಅವರ ಆಸ್ತಿ, ಎನ್‌ಪಿಎಸ್ ಅವರ ಉಳಿತಾಯ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ತೆರಿಗೆಯ ಒಂದು ಸಾಲನ್ನು ಮಾತ್ರ ಎದುರುಬದುರು ಇಟ್ಟರೆ ಈ ಯಾವುದೂ ಕಾಣುವುದಿಲ್ಲ.

ನಿಮ್ಮ ಸಂಬಳಕ್ಕೆ ಕಳೆದ ವರ್ಷ ಎರಡೂ ಪದ್ಧತಿಗಳು ಸಮವಾಗುವ ಗಡಿ, ಪ್ರಮಾಣಿತ ಕಡಿತ ಮತ್ತು ವೃತ್ತಿ ತೆರಿಗೆಯನ್ನು ಬಿಟ್ಟು, 3,51,350 ರೂಪಾಯಿಯ ಕಡಿತಗಳು. ನಿಮ್ಮಲ್ಲಿರುವುದು 1,48,800. ಬಾಡಿಗೆ ಮನೆಯಲ್ಲಿರುವ, ಸಾಲವಿಲ್ಲದ ಬಹುಪಾಲು ಸಂಬಳದಾರರ ಸ್ಥಿತಿ ಇದೇ. 2024ರ ಜುಲೈ 31ರವರೆಗೆ ದೇಶದಲ್ಲಿ ಸಲ್ಲಿಕೆಯಾದ 7.28 ಕೋಟಿ ರಿಟರ್ನ್‌ಗಳ ಪೈಕಿ 5.27 ಕೋಟಿ ಹೊಸ ಪದ್ಧತಿಯಲ್ಲಿದ್ದವು. ಹಾಗೆಂದು ಗುಂಪಿನ ಹಿಂದೆ ಹೋಗಬೇಕೆಂದಲ್ಲ. ವ್ಯಾಪಾರದ ಆದಾಯವಿಲ್ಲದ ಸಂಬಳದಾರರು, ಕಂಪನಿಗೆ ಏನೇ ಹೇಳಿದ್ದರೂ, ಗಡುವಿನೊಳಗೆ ರಿಟರ್ನ್ ಸಲ್ಲಿಸುವಾಗ ಪ್ರತಿ ವರ್ಷ ಯಾವ ಪದ್ಧತಿಯನ್ನಾದರೂ ಆರಿಸಿಕೊಳ್ಳಬಹುದು. ಗಡುವು ದಾಟಿದರೆ ಹಳೆಯ ಪದ್ಧತಿಯ ಬಾಗಿಲು ಮುಚ್ಚುತ್ತದೆ, ಅದು ಕಾಡಬೇಕಾದದ್ದು ನಿಮ್ಮ ಸಾಲದ ಗೆಳೆಯರನ್ನು.

ರೀಫಂಡಿನ ವಿಷಯಕ್ಕೆ ಪ್ರತ್ಯೇಕವಾಗಿ ಬರೆಯುತ್ತೇನೆ, ಅದು ಬೇರೆಯೇ ಜಾತಿಯ ಸಂಗತಿ.

ತೋಟದ ಮೇಷ್ಟ್ರು

ಗುಬ್ಬಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಶಿಕ್ಷಕ, ಜೊತೆಗೆ ಹಿರಿಯರಿಂದ ಬಂದ ಎರಡೂವರೆ ಎಕರೆ ಅಡಿಕೆ ತೋಟವಿದೆ. ಪಕ್ಕದವರ ಲೆಕ್ಕವನ್ನು ನಂಬಿ ನಾನು ತೆತ್ತ ದಂಡವನ್ನು ಇಲ್ಲಿ ಹೇಳಿದರೆ ಯಾರಿಗಾದರೂ ಉಪಯೋಗವಾದೀತು.

ನಮ್ಮ ಸ್ಟಾಫ್ ರೂಮಿನಲ್ಲಿ ತೋಟವಿರುವವರು ಐದಾರು ಮಂದಿ ಇದ್ದೇವೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಆದ್ದರಿಂದ ಅದನ್ನು ಬರೆಯುವ ಅಗತ್ಯವೂ ಇಲ್ಲ ಎಂಬುದು ಅಲ್ಲಿ ಎಲ್ಲರ ಬಾಯಲ್ಲಿದ್ದ ಮಾತು. ಮೊದಲರ್ಧ ನಿಜ, ಎರಡನೆಯರ್ಧ ಅಲ್ಲ. ಸಂಬಳದ ಆದಾಯ ತೆರಿಗೆಯ ಆರಂಭಿಕ ಮಿತಿಯನ್ನು ದಾಟಿ, ಕೃಷಿಯ ನಿವ್ವಳ ಆದಾಯವೂ 5,000 ರೂಪಾಯಿ ಮೀರಿದರೆ, ಕೃಷಿ ಆದಾಯವನ್ನು ದರ ನಿರ್ಧರಿಸುವುದಕ್ಕೆ ಮಾತ್ರ ಸೇರಿಸಿಕೊಳ್ಳುತ್ತಾರೆ. ತೋಟದ ಹಣಕ್ಕೆ ತೆರಿಗೆ ಬೀಳುವುದಿಲ್ಲ, ಆದರೆ ಅದು ಸಂಬಳವನ್ನು ಮೇಲಿನ ಸ್ಲ್ಯಾಬಿಗೆ ತಳ್ಳುತ್ತದೆ.

ನನ್ನ ಕಳೆದ ವರ್ಷದ ಲೆಕ್ಕವನ್ನೇ ತೆಗೆದುಕೊಳ್ಳಿ. ಸರ್ಕಾರ ಕಟ್ಟುವ ಎನ್‌ಪಿಎಸ್ ವಂತಿಗೆ ಬಿಟ್ಟು ಸಂಬಳ 9,00,000. ಪ್ರಮಾಣಿತ ಕಡಿತ ಹೋಗಿ 8,25,000. ಕೂಲಿ, ಗೊಬ್ಬರ, ಔಷಧಿ ಹೊಡೆಸಿದ್ದು ಎಲ್ಲ ಕಳೆದು ತೋಟದಲ್ಲಿ ಉಳಿದದ್ದು 3,00,000. ಸಂಬಳಕ್ಕೆ ಮಾತ್ರವಾಗಿದ್ದರೆ ಸೆಸ್ ಸೇರಿ 33,800 ಕಟ್ಟಿದ್ದರೆ ಸಾಕಿತ್ತು. ಈಗಿನ ನಿಯಮದಂತೆ ಮೊದಲು ಎರಡೂ ಸೇರಿದ 11,25,000ಕ್ಕೆ ತೆರಿಗೆ ಹಾಕಬೇಕು, 68,750. ಬಳಿಕ ತೋಟದ 3 ಲಕ್ಷಕ್ಕೆ ವಿನಾಯಿತಿ ಮಿತಿಯ 3 ಲಕ್ಷ ಕೂಡಿಸಿ ಆ 6 ಲಕ್ಷಕ್ಕೆ ಬರುವ 15,000ವನ್ನು ಅದರಿಂದ ಕಳೆಯಬೇಕು. ಉಳಿದ 53,750ಕ್ಕೆ ಸೆಸ್ ಸೇರಿ 55,900. ಶಾಲೆಯ ಟಿಡಿಎಸ್ ಸಂಬಳಕ್ಕಷ್ಟೇ ಆಗಿರುವುದರಿಂದ ಮಿಕ್ಕ 22,100ನ್ನು ನಾವೇ ಕಟ್ಟಬೇಕು. ಕೃಷಿ ಆದಾಯ 5,000 ಮೀರಿದವರು ಸರಳ ರಿಟರ್ನ್ ನಮೂನೆಯಾದ ಐಟಿಆರ್ 1 ಹಾಕುವಂತೆಯೂ ಇಲ್ಲ, ಐಟಿಆರ್ 2 ಹಾಕಬೇಕು.

ಅದರ ಹಿಂದಿನ ವರ್ಷ ನಾನು ಸ್ಟಾಫ್ ರೂಮಿನ ಮಾತಿನಂತೆ ಐಟಿಆರ್ 1ನ್ನೇ ಹಾಕಿದ್ದೆ. ತಪ್ಪು ಗೊತ್ತಾಗುವ ವೇಳೆಗೆ ತಿದ್ದುವ ಗಡುವು ಮುಗಿದಿತ್ತು, ಕೊನೆಗೆ ಅಪ್‌ಡೇಟೆಡ್ ರಿಟರ್ನ್ ಹಾಕಿ ಬಾಕಿ ತೆರಿಗೆ, ಬಡ್ಡಿ, ಅವೆರಡರ ಮೇಲೆ ಶೇ 25 ಹೆಚ್ಚುವರಿ ಕಟ್ಟಿದೆ. ಹೇಳಿಕೊಟ್ಟ ಸಹೋದ್ಯೋಗಿ ಈಗಲೂ ಐಟಿಆರ್ 1ನ್ನೇ ಹಾಕುತ್ತಾರೆ ಮತ್ತು ನನ್ನನ್ನು ಕಂಡಾಗಲೆಲ್ಲ ನಗುತ್ತಾರೆ.

ಇನ್ನೊಂದು ಮಾತು. ಮನೆಯಲ್ಲಿ ಹಸು ಕಟ್ಟಿ ಡೇರಿಗೆ ಹಾಲು ಹಾಕುವವರು ಆ ಹಣವನ್ನೂ ಕೃಷಿ ಆದಾಯವೆಂದು ಬರೆಯುತ್ತಾರೆ. ಹಾಲು ಮಾರಿದ ಆದಾಯ ಕಾನೂನಿನ ಪ್ರಕಾರ ಕೃಷಿ ಆದಾಯವಲ್ಲ. ರೇಷ್ಮೆಯಲ್ಲಿಯೂ ಹಿಪ್ಪುನೇರಳೆ ಸೊಪ್ಪು ಬೆಳೆಯುವುದು ಮಾತ್ರ ಕೃಷಿ, ಹುಳು ಸಾಕಿ ಗೂಡು ಮಾಡುವುದು ಬೇರೆ.

ಲೆಕ್ಕದ ಮನೆ

ಮೇಷ್ಟ್ರೇ, ನಿಮ್ಮ ಲೆಕ್ಕ ಸರಿಯಾಗಿದೆ. ಕೂಲಿ ಚೀಟಿಗಳನ್ನೂ ಪಹಣಿಯನ್ನೂ ಜೋಪಾನವಾಗಿಡಿ. ಕೃಷಿಯ ನಿವ್ವಳ ಆದಾಯ 5 ಲಕ್ಷ ದಾಟಿದ ವರ್ಷ ಜಮೀನಿನ ವಿಸ್ತೀರ್ಣ, ಸ್ವಂತದ್ದೋ ಗುತ್ತಿಗೆಯದ್ದೋ, ನೀರಾವರಿಯೋ ಮಳೆಯಾಶ್ರಿತವೋ ಎಂಬುದನ್ನೆಲ್ಲ ನಮೂನೆಯಲ್ಲಿ ತುಂಬಬೇಕಾಗುತ್ತದೆ.

ಪ್ರಯಾಣಿಕರು ಹೇಳಿದ 48,000 ರೂಪಾಯಿಯ ರೀಫಂಡಿಗೆ ಬರೋಣ. ರೀಫಂಡ್ ಎಂಬುದು ಸಂಪಾದನೆಯಲ್ಲ, ನಮ್ಮಿಂದ ಹೆಚ್ಚಾಗಿ ಹಿಡಿದ ಹಣ ಮರಳಿ ಬರುವುದಷ್ಟೇ. ಕಂಪನಿಯವರು ಸರಿಯಾಗಿ ಲೆಕ್ಕ ಹಾಕಿ ಮುರಿದಿದ್ದರೆ ಸಂಬಳದಾರರಿಗೆ ದೊಡ್ಡ ರೀಫಂಡ್ ಬರುವುದಕ್ಕೆ ಕಾರಣಗಳು ಕಡಿಮೆ: ಕಂಪನಿಗೆ ಹೇಳದ ಮನೆ ಸಾಲ, ಬ್ಯಾಂಕ್ ಹಿಡಿದ ಟಿಡಿಎಸ್, ಹಿಂಬಾಕಿ ಸಂಬಳಕ್ಕೆ 10ಇ ನಮೂನೆ ಸಲ್ಲಿಸಿ ಪಡೆಯುವ ಪರಿಹಾರ, ಇಂಥವು ಕೆಲವು. ಇವು ಯಾವುದೂ ಇಲ್ಲದೆ, ಬಂದ ಹಣದಲ್ಲಿ ಪಾಲು ಕೇಳುವ ಏಜೆಂಟರು ರೀಫಂಡ್ ತರಿಸುತ್ತಾರೆಂದರೆ, ಬಹುತೇಕ ಅವರು ಹಳೆಯ ಪದ್ಧತಿಗೆ ಬದಲಾಯಿಸಿ ರಾಜಕೀಯ ಪಕ್ಷದ ದೇಣಿಗೆಯನ್ನೋ ಕಟ್ಟದ ವಿಮೆಯನ್ನೋ ಇಲ್ಲದ ಬಾಡಿಗೆಯನ್ನೋ ತುಂಬಿರುತ್ತಾರೆ. ಇಂಥ ಸುಳ್ಳು ಕಡಿತಗಳನ್ನು ತುಂಬಿಸಿಕೊಡುವವರ ಮೇಲೆಯೇ ಆದಾಯ ತೆರಿಗೆ ಇಲಾಖೆಯು 2025ರ ಜುಲೈ 14ರಂದು ದೇಶದ ಹಲವು ಕಡೆ ಒಟ್ಟಿಗೆ ಪರಿಶೀಲನೆ ನಡೆಸಿತು. ಈ ವರ್ಷದ ನಮೂನೆಯಲ್ಲಿ ವಿಮೆಯ ಪಾಲಿಸಿ ಸಂಖ್ಯೆ, ಸಾಲದ ಖಾತೆ ಸಂಖ್ಯೆಗಳನ್ನೂ ಕೇಳುತ್ತಿದ್ದಾರೆ. ಸಿಕ್ಕಿಬಿದ್ದರೆ ತಪ್ಪಿಸಿದ ತೆರಿಗೆಯ ಶೇ 200ರಷ್ಟು ದಂಡಕ್ಕೆ ಅವಕಾಶವಿದೆ, ಅದನ್ನು ಕಟ್ಟುವುದು ನಿಮ್ಮ ಗೆಳೆಯರು, ಶೇಕಡ ಹತ್ತು ಪಡೆದವರಲ್ಲ. ಡಿಸೆಂಬರ್ 31ರವರೆಗೆ ಪರಿಷ್ಕೃತ ರಿಟರ್ನ್ ಸಲ್ಲಿಸಿ ಹಿಂದೆ ಸರಿಯಬಹುದೆಂದು ಅವರಿಗೆ ತಿಳಿಸಿ.

ಶಿರಾ ಗೇಟ್

ನಾನು ಕಟ್ಟಡಗಳ ನಕ್ಷೆ ಮತ್ತು ಕಂಬಿ ಲೆಕ್ಕ ಮಾಡಿಕೊಡುವ ಸಿವಿಲ್ ಎಂಜಿನಿಯರ್, ಸ್ವಂತ ಕಚೇರಿ. ಸಂಬಳದಾರ ಗೆಳೆಯರು ಸೇರಿದಾಗಲೆಲ್ಲ ನನ್ನತ್ತ ಬೆರಳು ಮಾಡಿ, ಇವನು ವರ್ಷಕ್ಕೆ 18 ಲಕ್ಷ ಎಣಿಸಿ 41,600 ಕಟ್ಟುತ್ತಾನೆ ಎನ್ನುತ್ತಾರೆ. ಎರಡೂ ಅಂಕಿ ಸರಿಯೇ. ಆದಾಯ ತೆರಿಗೆ ಕಾಯ್ದೆಯ 44ಎಡಿಎ ಸೆಕ್ಷನ್ ಪ್ರಕಾರ ನನ್ನಂಥ ವೃತ್ತಿನಿರತರು ಒಟ್ಟು ಜಮೆಯ ಅರ್ಧವನ್ನು ಆದಾಯವೆಂದು ತೋರಿಸಬಹುದು. 9 ಲಕ್ಷಕ್ಕೆ ಕಳೆದ ವರ್ಷ ಬರುವುದು ಅಷ್ಟೇ ತೆರಿಗೆ. ಆದರೆ ಇಬ್ಬರು ಹುಡುಗರ ಸಂಬಳ, ಕಚೇರಿ ಬಾಡಿಗೆ, ಸಾಫ್ಟ್‌ವೇರ್ ಚಂದಾ, ಸೈಟಿನಿಂದ ಸೈಟಿಗೆ ಓಡಾಡುವ ಪೆಟ್ರೋಲು ಕಳೆದರೆ ನಿಜವಾಗಿಯೂ ನನ್ನ ಕೈಯಲ್ಲಿ ಉಳಿಯುವುದು ಸುಮಾರು ಅರ್ಧವೇ. ಸಂಬಳದಾರರಿಗೆ ಸಿಗುವ 75,000ದ ಕಡಿತ ನಮಗಿಲ್ಲ, ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಮಾರ್ಚ್ 15ರೊಳಗೆ ಮುಂಗಡ ತೆರಿಗೆಯನ್ನು ಒಂದೇ ಗಂಟಿನಲ್ಲಿ ಕಟ್ಟಬೇಕು. ಮನೆ ಕಟ್ಟಲು ಸಾಲ ಕೇಳಿದಾಗ ಬ್ಯಾಂಕಿನವರು ನೋಡಿದ್ದು 18 ಲಕ್ಷವನ್ನಲ್ಲ, ರಿಟರ್ನಿನಲ್ಲಿದ್ದ 9 ಲಕ್ಷವನ್ನು.

ಹೋಲಿಸಲೇಬೇಕೆಂದರೆ ಕೈಗೆ ಉಳಿದ ಆದಾಯದ ಮೇಲೆ ತೆರಿಗೆ ಶೇಕಡ ಎಷ್ಟೆಂದು ಹೋಲಿಸಿ. ನನ್ನದು 9 ಲಕ್ಷಕ್ಕೆ ಶೇ 4.6. ಮೇಷ್ಟ್ರದು ಸಂಬಳ, ತೋಟ ಸೇರಿ 12 ಲಕ್ಷಕ್ಕೆ ಶೇ 4.7. ಪ್ರಯಾಣಿಕರದು ಶೇ 5.5. ಸಾಲದ ಗೆಳೆಯರದು ಶೇ 3.2, ಅದೂ ಬಡ್ಡಿ ಕಟ್ಟುವುದಕ್ಕೆ ಮುಂಚಿನ ಆದಾಯದ ಮೇಲೆ.

ಹಳೆಯ ಕಡತ

ಲೆಕ್ಕಗಳೆಲ್ಲ ಸರಿ, ಆದರೆ ರೈಲಿನಲ್ಲಿ ಫಾರಂ 16 ಹಿಗ್ಗಿಸಿ ತೋರಿಸುವ ಅಭ್ಯಾಸವನ್ನು ಬಿಡಬೇಕೆಂದು ಕೇಳಿಕೊಳ್ಳುತ್ತೇನೆ. ಅದರಲ್ಲಿ ಪ್ಯಾನ್ ಸಂಖ್ಯೆ, ವಿಳಾಸ ಎಲ್ಲವೂ ಇರುತ್ತದೆ. ಒಬ್ಬರ ಆದಾಯ ತೆರಿಗೆ ರಿಟರ್ನ್ ಖಾಸಗಿ ಮಾಹಿತಿ, ದೊಡ್ಡ ಸಾರ್ವಜನಿಕ ಹಿತಾಸಕ್ತಿ ಇಲ್ಲದ ಹೊರತು ಮಾಹಿತಿ ಹಕ್ಕಿನಲ್ಲಿಯೂ ಕೊಡಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2012ರಲ್ಲಿಯೇ ಹೇಳಿದೆ. ನಾರ್ವೆ ದೇಶದಲ್ಲಿ ಯಾರ ಆದಾಯ, ತೆರಿಗೆ ಎಷ್ಟೆಂದು ಯಾರು ಬೇಕಾದರೂ ಹುಡುಕಿ ನೋಡಬಹುದು. ಹಾಗೆ ನೋಡಿದವರು ಯಾರೆಂಬುದು ಸಂಬಂಧಪಟ್ಟವರಿಗೆ ತಿಳಿಯುವಂತೆ 2014ರಲ್ಲಿ ಮಾಡಿದ ಮೇಲೆ ಅಲ್ಲಿಯೂ ಇಣುಕುವವರ ಸಂಖ್ಯೆ ತೀರ ಇಳಿದುಹೋಯಿತು.

ಕ್ಯಾತ್ಸಂದ್ರದ ಪ್ರಯಾಣಿಕ

ಎಲ್ಲರಿಗೂ ವಂದನೆಗಳು. ಸೋಮವಾರ ಗೆಳೆಯರನ್ನು ಕಂತಿನ ಬಗ್ಗೆ ಕೇಳಿದೆ. 25 ಲಕ್ಷದ ಸಾಲ, 20 ವರ್ಷ, ತಿಂಗಳಿಗೆ 21,700 ರೂಪಾಯಿ. ಲೆಕ್ಕದ ಮನೆಯ ಮೇಡಂ ಊಹಿಸಿದ ಕಡಿತಗಳಲ್ಲಿ ಒಂದೂ ತಪ್ಪಿರಲಿಲ್ಲ. ಅದನ್ನು ಹೇಳಿದಾಗ ಗೆಳೆಯರು ತಮ್ಮ ಫೋನನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡರು. ರೀಫಂಡಿನವರಿಗೆ ಪರಿಷ್ಕೃತ ರಿಟರ್ನಿನ ವಿಷಯ ತಿಳಿಸಿದ್ದೇನೆ, ಅವರು ಏಜೆಂಟರಿಗೆ ಫೋನ್ ಮಾಡುತ್ತಿದ್ದಾರೆ, ಆ ಕಡೆಯಿಂದ ಎತ್ತುತ್ತಿಲ್ಲವಂತೆ.

ನಾನು ಹೊಸ ಪದ್ಧತಿಯಲ್ಲಿಯೇ ಐಟಿಆರ್ 1 ಸಲ್ಲಿಸಿ ಆಧಾರ್ ಒಟಿಪಿಯಿಂದ ದೃಢೀಕರಿಸಿದೆ. ಸಲ್ಲಿಸುವ ಮುನ್ನ ಎಐಎಸ್ (ಇಲಾಖೆಯ ಬಳಿ ಇರುವ ನಮ್ಮ ಆದಾಯದ ವಿವರಪಟ್ಟಿ) ತೆರೆದಾಗ ನಾನು ಮರೆತೇಬಿಟ್ಟಿದ್ದ ಠೇವಣಿಯೊಂದರ ಬಡ್ಡಿ 11,300 ರೂಪಾಯಿ ಅಲ್ಲಿ ಕುಳಿತಿತ್ತು. 40,000ದ ಮಿತಿಯೊಳಗಿದ್ದ ಕಾರಣ ಬ್ಯಾಂಕಿನವರು ಅದಕ್ಕೆ ಟಿಡಿಎಸ್ ಹಿಡಿದಿರಲಿಲ್ಲ. ಅದನ್ನು ಸೇರಿಸಿದ್ದರಿಂದ ತೆರಿಗೆ 63,900ಕ್ಕೆ ಏರಿ, ಬಾಕಿ 1,760 ರೂಪಾಯಿಯನ್ನು ರಾತ್ರಿಯೇ ಕಟ್ಟಿದೆ. ಹೆಂಡತಿ ಚಲನಿನ ಪ್ರತಿಯನ್ನು ಎಲ್‌ಐಸಿ ರಸೀದಿಗಳ ಫೈಲಿಗೆ ಸೇರಿಸಿಟ್ಟಳು.